ತಿರುಗದ ಮುಖ

“ಇದರಲ್ಲಿ ಮನೆಯವರೆಲ್ಲ ಇದ್ದಾರೆ ತಾನೆ?”

ಇನ್‌ಸ್ಪೆಕ್ಟರ್ ಕ್ಯಾಮೆರಾದ ಬೆನ್ನಿಗಿದ್ದ ಪುಟ್ಟ ಪರದೆಯ ಮೇಲೆ ಬಗ್ಗಿ ಕೇಳಿದರು. ಫೋಟೋ ತೆಗೆದಿದ್ದ ಸ್ಟುಡಿಯೋ ಅಕ್ಕ ಹೌದೆಂದು ತಲೆಯಾಡಿಸಿದಳು.

ಮೂರು ತಲೆಮಾರು ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ ಗಳಿಗೆಯಲ್ಲೇ, ಅಜ್ಜಿಯ ಶಾಲು ತರಲು ಮಹಡಿಗೆ ಹೋಗಿದ್ದ ನರ್ಸ್ ಹಿತ್ತಲ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದಳು.

“ಸದ್ದು ಕೇಳಿಸಿದಾಗ ತೆಗೆದದ್ದು ಇದೇನಾ?”

“ಇದೇ ಸರ್. ಬಟನ್ ಒತ್ತೋದಕ್ಕೂ ಮೇಲೆ ಧಡ್ ಅನ್ನೋದಕ್ಕೂ ಸರಿಹೋಯ್ತು. ಬೆರಳು ತೆಗೆಯೋಕೆ ಆಗಲಿಲ್ಲ.”

ಇನ್‌ಸ್ಪೆಕ್ಟರ್ ನಿಟ್ಟುಸಿರು ಬಿಟ್ಟರು. ಅದು ಕೆಲಸ ಹಗುರಾದವನ ನಿಟ್ಟುಸಿರು. ಮಹಡಿಯ ಹಿಂಬಾಗಿಲಿಂದ ಹಿತ್ತಲಿಗಿಳಿಯುವ ಕಲ್ಲಿನ ಮೆಟ್ಟಿಲು ಪಾಚಿ ಹಿಡಿದಿದೆ. ಆ ಹೆಣ್ಣುಮಗಳು ಅವಸರದಲ್ಲಿ ಅಲ್ಲಿಂದ ಇಳಿಯಲು ಹೋಗಿ ಜಾರಿದ್ದಾಳೆ, ತಲೆಗೆ ಪೆಟ್ಟು ಬಿದ್ದಿದೆ. ಆ ಹೊತ್ತಿನಲ್ಲಿ ಮನೆಮಂದಿಯೆಲ್ಲ ನಡುಮನೆಯಲ್ಲಿದ್ದರು ಅನ್ನುವುದಕ್ಕೆ ಫೋಟೋಗಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? ಅವರು ಇದನ್ನೆಲ್ಲ ಮನೆಯವರಿಗೆ ಕೇಳಿಸುವಂತೆ ಹೇಳಿದರು. ಸೋಫಾದ ಮೇಲೆ, ಕಿಟಕಿಯ ಪಕ್ಕ, ಬಾಗಿಲ ಬಳಿ ನಿಂತಿದ್ದವರ ಹೆಗಲುಗಳೆಲ್ಲ ಒಟ್ಟಿಗೇ ಸಡಿಲಾದವು.

ಸಂಜೆಯೊಳಗೆ ತಾವು ಮತ್ತೆ ಬರುವುದಾಗಿಯೂ ಅಲ್ಲಿಯವರೆಗೆ ಯಾರೂ ಮನೆ ಬಿಟ್ಟು ಹೋಗಬಾರದೆಂದೂ ಹೇಳಿದರು. ಆ ಫೋಟೋದ ಒಂದು ಪ್ರತಿಯನ್ನು ದೊಡ್ಡದಾಗಿ ಮಾಡಿಡಲು ಸ್ಟುಡಿಯೋ ಅಕ್ಕನಿಗೆ ಸೂಚಿಸಿ, ಗೇಟಿನ ಹತ್ತಿರ ಒಬ್ಬ ಕಾನ್‌ಸ್ಟೇಬಲ್‌ನನ್ನು ನಿಲ್ಲಿಸಿ ಹೊರಟುಹೋದರು. ಜೀಪಿನ ಹಿಂದೆ ಆಂಬ್ಯುಲೆನ್ಸ್ ಹೋಯಿತು. ಅದಕ್ಕೆ ಸೈರನ್ ಹಾಕುವ ಅಗತ್ಯವಿರಲಿಲ್ಲ.

ಊಟದ ಕೋಣೆಯ ಮೇಜಿನ ಒಂದು ಮೂಲೆಯಲ್ಲಿ ಅಕ್ಕ ಲ್ಯಾಪ್‌ಟಾಪ್ ತೆರೆದು ಕೂತಳು. ಕುರ್ಚಿಗಳೆಲ್ಲ ಇನ್ನೂ ನಡುಮನೆಯಲ್ಲೇ ಇದ್ದವು. ಅವಳಿಗೆ ಸಿಕ್ಕಿದ್ದು ಒಂದು ಗಿಡ್ಡ ಸ್ಟೂಲು. ಹಿತ್ತಲ ಕಡೆಯ ಕಿಟಕಿ ತೆರೆದೇ ಇತ್ತು. ಎದ್ದು ಅದನ್ನು ಮುಚ್ಚಬೇಕೆನಿಸಿದರೂ ಆ ಕಡೆ ನೋಡುವ ಧೈರ್ಯ ಬರಲಿಲ್ಲ.

ಧೈರ್ಯ ಅವಳ ಕಸುಬಿಗೆ ಬೇಕಾದ ಸಾಮಾನಾಗಿರಲೇ ಇಲ್ಲ. ಮದುವೆ, ನಾಮಕರಣ, ಪಾಸ್‌ಪೋರ್ಟಿಗೊಂದು ಮುಖ, ಇಷ್ಟರಲ್ಲೇ ಅರ್ಧ ಆಯಸ್ಸು ಕಳೆದವಳು. ಜಿರಲೆ ಕಂಡರೆ ಸ್ಟೂಲು ಹತ್ತುವ ಜಾತಿ. ಆದರೆ ಗಂಟಲು ಮಾತ್ರ ದೇವರು ಕೊಟ್ಟದ್ದು. ಎಂಥ ಗಲಾಟೆಯ ಮನೆಯಾದರೂ ಅವಳು ಒಮ್ಮೆ ಕೂಗಿದರೆ ತೊಟ್ಟಿಲ ಕೂಸೂ ಕ್ಯಾಮೆರಾ ನೋಡಬೇಕು.

ಇವತ್ತೂ ಕೂಗಿ ಕೂಗಿಯೇ ಈ ಸಂಸಾರವನ್ನು ಒಂದು ಚೌಕಟ್ಟಿನೊಳಗೆ ತುರುಕಿದ್ದಳು. ನಡುವೆ ಅಜ್ಜಿ. ಅವರ ಬಲಕ್ಕೆ ಹಿರಿಯ ಮಗ; ಮನೆಯಲ್ಲಿ ಎಲ್ಲರೂ ಅವರನ್ನು ‘ದೊಡ್ಡವರು’ ಎನ್ನುತ್ತಿದ್ದರು. ಎಡಕ್ಕೆ ಅಜ್ಜಿಯ ಮೈದುನ, ಮಕ್ಕಳ ಬಾಯಲ್ಲಿ ಚಿಕ್ಕಜ್ಜ. ಹಿಂದಿನ ಸಾಲಿನಲ್ಲಿ ಕಿರಿಮಗ ಮತ್ತು ಅವನ ಹೆಂಡತಿ. ಅವರ ಅಕ್ಕಪಕ್ಕ, ಆಚೀಚೆ, ತೋಟದಿಂದ ತಂದ ಬೆಂಚಿನ ಮೇಲೆ, ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳು, ಸೊಸೆಯರು. ಜಮಖಾನದ ಮೇಲೆ ಕಾಲು ಮಡಚಿ ಕೂತ ಮೊಮ್ಮಕ್ಕಳು.

ಗ್ರೂಪ್ ಫೋಟೋ ಅಂದರೆ ಅರ್ಧ ಕ್ಯಾಮೆರಾದ ಕೆಲಸ, ಅರ್ಧ ಪಂಚಾಯಿತಿ. ಇಬ್ಬರು ಓರಗಿತ್ತಿಯರು ಪಕ್ಕಪಕ್ಕ ನಿಲ್ಲಲಾರೆವೆಂದು ಮುಖ ಊದಿಸಿಕೊಂಡಿದ್ದರು. ಚಿಕ್ಕಜ್ಜ, ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಕಿವಿಯ ಮೆಷಿನ್ ಕಿತ್ತು ಜೇಬಿಗೆ ಹಾಕಿಕೊಂಡಿದ್ದರು. ಅಷ್ಟಾದರೂ, ಬೆಳಕು ಹೊಡೆಯುತ್ತದೆ, ಕನ್ನಡಕ ತೆಗೆಯಿರಿ ಎಂದು ಅಕ್ಕ ಸನ್ನೆ ಮಾಡಿದರೆ ಕೇಳಲಿಲ್ಲ. ಕನ್ನಡಕ ತೆಗೆದರೆ ನೀನೇ ನನಗೆ ಕಾಣಲ್ಲ, ನಗೋದು ಯಾರನ್ನ ನೋಡಿ ಎಂದು ಜೋರಾಗಿ ಕೇಳಿ ಎಲ್ಲರನ್ನೂ ನಗಿಸಿದ್ದರು. ಅಜ್ಜಿ ಮಾತ್ರ ಕೂತಲ್ಲೇ ತೂಕಡಿಸುತ್ತಿದ್ದರು. ಈಚೀಚೆಗೆ ಅವರಿಗೆ ಹಗಲೂ ಇರುಳೂ ಇದೇ ಮಂಪರು, ವಯಸ್ಸು ನೋಡಿ ಎಂದು ದೊಡ್ಡವರು ನೊಂದುಕೊಂಡು ಹೇಳಿದ್ದರು.

ಅಕ್ಕ ಚಿತ್ರಗಳನ್ನು ಒಂದೊಂದಾಗಿ ಸರಿಸಿದಳು. ಕಣ್ಣು ಮುಚ್ಚಿದವರು, ಆಕಳಿಸಿದವರು, ಕೂಸಿನ ಬಾಯಿಂದ ಬೆರಳು ಕಿತ್ತವರು. ಆಮೇಲೆ ಆ ಚಿತ್ರ ಬಂತು.

ಲ್ಯಾಪ್‌ಟಾಪಿನ ಪರದೆಯಲ್ಲಿ ಅದನ್ನು ನೋಡುತ್ತಿದ್ದಂತೆ ಅವಳ ಮೈ ಜುಮ್ಮೆಂದಿತು. ಗಾಳಿ ಬೀಸಿದ ಗದ್ದೆಯ ಹಾಗೆ ತಲೆಗಳೆಲ್ಲ ಒಂದೇ ಕಡೆ ಹೊರಳಿದ್ದವು. ನಡುಮನೆಯ ಎಡಬದಿಯ ಮಹಡಿ ಮೆಟ್ಟಿಲ ಕಡೆಗೆ. ದೊಡ್ಡವರ ಕತ್ತಿನ ನರ ಬಿಗಿದಿತ್ತು. ಕಿರಿಮಗನ ನಗು ತುಟಿಯ ಮೇಲೆ ಅರ್ಧಕ್ಕೇ ನಿಂತಿತ್ತು. ಮಕ್ಕಳ ಬಾಯಿ ತೆರೆದಿತ್ತು. ಅಜ್ಜಿ ಕೂಡ ಕಣ್ಣು ಬಿಟ್ಟು ಮೇಲೆ ನೋಡುತ್ತಿದ್ದರು.

ಇಬ್ಬರು ಮಾತ್ರ ತಿರುಗಿರಲಿಲ್ಲ.

ಒಬ್ಬರು ಚಿಕ್ಕಜ್ಜ. ಅವರಿಗೆ ಕೇಳಿಸಿಯೇ ಇರಲಿಲ್ಲ. ಹಲ್ಲುಸೆಟ್ಟು ಪೂರಾ ಕಾಣುವಂತೆ ಕ್ಯಾಮೆರಾಕ್ಕೆ ನಗುತ್ತ ಕೂತಿದ್ದರು ಪಾಪ.

ಇನ್ನೊಬ್ಬಳು ಕಿರಿಸೊಸೆ.

ಅಕ್ಕ ಆ ಮುಖವನ್ನು ದೊಡ್ಡದು ಮಾಡಿದಳು. ಇನ್ನೂ ದೊಡ್ಡದು ಮಾಡಿದಳು. ನೆಟ್ಟ ಕಣ್ಣು, ಬಿಗಿದ ತುಟಿ. ಸುತ್ತ ನಿಂತವರೆಲ್ಲ ಬೆಚ್ಚಿಬಿದ್ದು ತಿರುಗಿರುವಾಗ ಇವಳೊಬ್ಬಳು ಕಂಬದಂತೆ ನೇರಕ್ಕೆ ನಿಂತಿದ್ದಾಳೆ. ಕಿವಿ ಚುರುಕಾಗಿರುವವಳು. ಬೆಳಿಗ್ಗೆ ಹಿತ್ತಲಲ್ಲಿ ಹಾಲಿನವನು ಗಂಟೆ ಬಾರಿಸಿದ್ದನ್ನು ಎಲ್ಲರಿಗಿಂತ ಮೊದಲು ಕೇಳಿಸಿಕೊಂಡು ಹೋದವಳು.

ಅಷ್ಟು ದೊಡ್ಡ ಸದ್ದಿಗೆ ಬೆಚ್ಚದೆ ಇರಬೇಕಾದರೆ, ಅದು ಬರುತ್ತದೆಂದು ಮೊದಲೇ ಗೊತ್ತಿರಬೇಕು.

ಸ್ಟುಡಿಯೋಗೆ ಫೋನ್ ಮಾಡಿದ್ದು ಯಾರು? ಕಿರಿಸೊಸೆ. ಮುಂದಿನ ವಾರ ಬರುತ್ತೇನೆ ಅಂದರೆ ಒಪ್ಪದೆ, ಇವತ್ತೇ ಆಗಬೇಕು, ಮನೆಯಲ್ಲಿರುವ ಒಬ್ಬರೂ ತಪ್ಪಬಾರದು ಎಂದು ಹಟ ಹಿಡಿದದ್ದು ಯಾರು? ಅವಳೇ. ಎಲ್ಲರನ್ನೂ ಚೌಕಟ್ಟಿನೊಳಗೆ ನಿಲ್ಲಿಸಿ, ಎಲ್ಲರ ಜೊತೆ ತಾನೂ ನಿಂತು, ಹಿತ್ತಲಲ್ಲಿ ಒಂದು ಜೀವ ಹೋಗುವುದನ್ನು ಕಾಯುವುದೆಂದರೆ ಎಂಥ ಎದೆ ಇರಬೇಕು?

“ಆ ಫೋಟೋನಾ?”

ಅಕ್ಕನ ಜೀವ ಬಾಯಿಗೆ ಬಂತು. ದೊಡ್ಡವರು ಬಂದದ್ದೇ ಗೊತ್ತಾಗಿರಲಿಲ್ಲ. ಅಷ್ಟು ದಪ್ಪ ಮೈಯವರು ಅಷ್ಟು ಮೆಲ್ಲಗೆ ನಡೆಯಬಲ್ಲರೆಂದು ಅವಳು ಎಣಿಸಿರಲಿಲ್ಲ. ಬೆರಳು ತಾನಾಗಿ ಹೋಗಿ ಚಿತ್ರವನ್ನು ಚಿಕ್ಕದು ಮಾಡಿತು.

ದೊಡ್ಡವರು ಪರದೆಯನ್ನು ಒಂದಿಷ್ಟು ಹೊತ್ತು ನೋಡಿದರು. ಆಮೇಲೆ ಮೆತ್ತಗಿನ ದನಿಯಲ್ಲಿ, ಪೊಲೀಸರಿಗೆ ಒಂದು ಪ್ರತಿ ಕೊಟ್ಟಾದ ಮೇಲೆ ಇದನ್ನು ಅಳಿಸಿಬಿಟ್ಟರೆ ಒಳ್ಳೆಯದು ಎಂದರು. ಅಮ್ಮನ ಕಣ್ಣಿಗೆ ಬಿದ್ದರೆ ಹೆದರಿಕೊಳ್ಳುತ್ತಾರೆ, ಮೊದಲೇ ಅವರ ಜೀವ ಸೂಕ್ಷ್ಮ. ಸದ್ದಾದಾಗ ಎಲ್ಲರೂ ಮಹಡಿಗೆ ಓಡಿದರೂ ನೀವೊಬ್ಬರು ಅಮ್ಮನ ಕೈ ಹಿಡಿದು ಕೂತಿರಿ, ಆ ಉಪಕಾರ ಮರೆಯುವುದಿಲ್ಲ ಎಂದೂ ಹೇಳಿದರು. ಎಲ್ಲವೂ ಮರ್ಯಾದೆಯ ಮಾತೇ. ಆದರೆ ಮಾತಾಡುವಷ್ಟು ಹೊತ್ತೂ ಅವರ ಕೈ ಅವಳ ಸ್ಟೂಲಿನ ಅಂಚಿನ ಮೇಲಿತ್ತು.

ಅವರು ಹೋದ ಕೂಡಲೇ ಅಕ್ಕ ಇನ್‌ಸ್ಪೆಕ್ಟರಿಗೆ ಫೋನ್ ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು. ಬೇಗ ಬನ್ನಿ ಎಂದು ಒಂದು ಮೆಸೇಜು ಕಳಿಸಿ, ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಎದ್ದಳು. ಗೇಟಿನವರೆಗೆ ಹೋಗಿಬಿಟ್ಟರೆ ಸಾಕು, ಕಾನ್‌ಸ್ಟೇಬಲ್ ಇದ್ದಾನೆ. ಆದರೆ ನಡುಮನೆಯಲ್ಲಿ ಗಂಡಸರೆಲ್ಲ ಕೂತಿದ್ದರು. ಅವರೆದುರು ಹಾದುಹೋಗುವ ಬದಲು ಅಡುಗೆಮನೆಯ ಪ್ಯಾಸೇಜು ಹಿಡಿದು ಹಿತ್ತಲಿಂದ ಸುತ್ತಿಕೊಂಡು ಹೋಗೋಣವೆಂದು ಆ ಕಡೆ ತಿರುಗಿದಳು.

ಪ್ಯಾಸೇಜಿನ ಮಧ್ಯದಲ್ಲಿ ಒಂದು ಬಾಗಿಲು ತೆರೆಯಿತು. ಒಂದು ಕೈ ಅವಳ ರಟ್ಟೆ ಹಿಡಿದು ಒಳಗೆ ಎಳೆಯಿತು. ಚಿಲಕ ಬಿತ್ತು.

ಅದು ಬಟ್ಟೆ ಇಸ್ತ್ರಿ ಮಾಡುವ ಕೋಣೆ. ಗೋಡೆಯುದ್ದಕ್ಕೂ ಮಡಿಸಿಟ್ಟ ಹಾಸಿಗೆ ಹೊದಿಕೆಗಳು, ಮೇಲೆ ಒಂದು ಗವಾಕ್ಷಿ. ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ ನಿಂತಿತ್ತು, ಅದರ ಕೆಂಪು ದೀಪ ಉರಿಯುತ್ತಿತ್ತು. ಅದಕ್ಕೂ ಬಾಗಿಲಿಗೂ ನಡುವೆ ಕಿರಿಸೊಸೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು.

“ಬಾಗಿಲು ಯಾಕೆ ಹಾಕಿದ್ರಿ?” ಅಕ್ಕನ ದನಿ ಅವಳಿಗೇ ಕೇಳಿಸಲಿಲ್ಲ.

“ನೀವು ಕೂಗಬಾರದು ಅಂತ. ನಿಮ್ಮ ಗಂಟಲು ಎಂಥದ್ದು ಅಂತ ಬೆಳಿಗ್ಗೆಯಿಂದ ಕೇಳಿದೀನಲ್ಲ.”

ಅಕ್ಕ ಹಿಂದೆ ಸರಿದಳು. ಹಿಂದೆ ಗೋಡೆ.

“ನನ್ನ ಮುಖ ದೊಡ್ಡದು ಮಾಡಿ ನೋಡ್ತಾ ಇದ್ರಿ,” ಎಂದಳು ಕಿರಿಸೊಸೆ. “ಹಿತ್ತಲ ಕಿಟಕಿಯಿಂದ ಕಾಣಿಸ್ತು. ಇನ್‌ಸ್ಪೆಕ್ಟರಿಗೂ ತೋರಿಸಿದ್ರಾ?”

ಇಲ್ಲ ಅಂದರೆ ಉಳಿಗಾಲವಿಲ್ಲ, ಹೌದು ಅಂದರೆ ಸುಳ್ಳು. ಆದರೆ ಕೆಲವರಿಗೆ ಭಯ ಮಿತಿಮೀರಿದರೆ ನಾಲಿಗೆ ಸಡಿಲಾಗುತ್ತದೆ. ಅವಳದೂ ಅದೇ ಪೈಕಿ.

“ಎಲ್ಲರೂ ಮೆಟ್ಟಿಲ ಕಡೆ ನೋಡಿದ್ರು. ನೀವೊಬ್ರು ನೋಡಲಿಲ್ಲ. ಆ ಸದ್ದಾಗುತ್ತೆ ಅಂತ ನಿಮಗೆ ಮುಂಚೇನೇ ಗೊತ್ತಿತ್ತು. ಅದಕ್ಕೇ ಕ್ಯಾಮೆರಾ ನೋಡ್ತಾ ನಿಂತ್ರಿ.”

“ನಾನು ಕ್ಯಾಮೆರಾ ನೋಡ್ತಾ ಇರಲಿಲ್ಲ.”

“ಮತ್ತೆ?”

“ನಿಮ್ಮ ಹಿಂದೆ ನೋಡ್ತಾ ಇದ್ದೆ.”

ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆ ಟಿಕ್ ಎಂದಿತು. ಅಕ್ಕನ ಬೆನ್ನಮೇಲೆ ತಣ್ಣಗೆ ಏನೋ ಹರಿದ ಹಾಗಾಯಿತು, ಯಾರೋ ಈಗಲೂ ಹಿಂದೆ ನಿಂತಿದ್ದಾರೆಂಬಂತೆ.

“ನಿಮ್ಮ ಹಿಂದೆ ಈ ಪ್ಯಾಸೇಜಿನ ಬಾಗಿಲು ಇತ್ತಲ್ಲ,” ಕಿರಿಸೊಸೆ ಪಿಸುಗುಟ್ಟಿದಳು. “ಅದರಲ್ಲಿ ನರ್ಸ್ ನಿಂತಿದ್ರು.”

ಅಕ್ಕ ಲ್ಯಾಪ್‌ಟಾಪನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು.

“ನೀವು ಬಟನ್ ಒತ್ತೋ ಹೊತ್ತಿಗೆ ಬಂದು ನಿಂತ್ರು. ನನ್ನನ್ನ ನೋಡಿ ತುಟಿ ಮೇಲೆ ಬೆರಳಿಟ್ಟು, ಸುಮ್ಮನಿರು ಅಂದ್ರು. ಅಷ್ಟರಲ್ಲಿ ಮೇಲೆ ಧಡ್ ಅಂತು. ಎಲ್ಲರೂ ಆ ಕಡೆ ತಿರುಗಿದ್ರು. ನನಗೆ ಕಣ್ಣು ಕೀಳೋಕೆ ಆಗಲಿಲ್ಲ.”

ನಂಬುವುದೋ ಬಿಡುವುದೋ? ಕಥೆ ಕಟ್ಟುವವರು ಹೀಗೇ ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತಾರೆ. ಅಕ್ಕ ಲ್ಯಾಪ್‌ಟಾಪನ್ನು ಹೊದಿಕೆಗಳ ಮೇಲಿಟ್ಟು ಚಿತ್ರ ತೆರೆದಳು. ಮೊದಲು ಕಿರಿಸೊಸೆಯ ಕಣ್ಣು. ನಿಜ, ದೃಷ್ಟಿ ಲೆನ್ಸಿನ ನೇರಕ್ಕಿಲ್ಲ, ಒಂದು ಎಳೆ ಮೇಲಕ್ಕಿದೆ. ಆದರೆ ಅದೊಂದೇ ಸಾಕ್ಷಿಯಾಗದು. ಆಗ ತಿರುಗದೆ ಕೂತಿದ್ದ ಇನ್ನೊಂದು ಮುಖ ನೆನಪಾಯಿತು. ಕ್ಯಾಮೆರಾಕ್ಕೆ ಎದುರಾಗಿ ಉಳಿದಿದ್ದ ಕನ್ನಡಕ ಅದೊಂದೇ.

ಚಿಕ್ಕಜ್ಜನ ಕನ್ನಡಕದ ಗಾಜು ಪರದೆ ತುಂಬ ಹರಡಿತು. ಎರಡು ಬಿಳಿ ಚೌಕ, ಅವು ಅಕ್ಕನದೇ ದೀಪಗಳು. ನಡುವೆ ಕಪ್ಪಗೆ ಬಗ್ಗಿದ ಒಂದು ಆಕಾರ, ಅದು ಅವಳೇ. ಅವಳ ಹೆಗಲ ಮೇಲ್ಗಡೆ, ಬಾಗಿಲ ಬೆಳಕಿನಲ್ಲಿ, ಉಗುರಿನ ಚೂರಿನಷ್ಟು ಬಿಳಿ ಉಡುಪು. ಬಾಯಿಯ ಹತ್ತಿರ ಎತ್ತಿದ ಕೈ.

ಅಕ್ಕ ಅಲ್ಲೇ ಹೊದಿಕೆಗಳ ರಾಶಿಗೆ ಆತುಕೊಂಡಳು.

ನರ್ಸ್ ಆಗ ಬದುಕಿದ್ದಳು. ಆ ಸದ್ದು ಅವಳು ಬಿದ್ದ ಸದ್ದಲ್ಲ. ಅವಳು ಸತ್ತದ್ದು ಆಮೇಲೆ. ಎಲ್ಲರೂ ಧಡಧಡ ಮಹಡಿ ಹತ್ತಿ, ಒಂದೆರಡು ಕೋಣೆ ಇಣುಕಿ, ಹಿಂಬಾಗಿಲಿಂದ ಕೆಳಗೆ ನೋಡುವಷ್ಟರಲ್ಲಿ ಯಾರೋ ಅವಳ ಬೆನ್ನುಹತ್ತಿ ಹಿತ್ತಲಿಗೆ ಹೋಗಿದ್ದರು. ಯಾರದೂ ತಪ್ಪಿಲ್ಲವೆಂದು ಹೇಳುತ್ತಿದ್ದ ಫೋಟೋ ಈಗ ಯಾರನ್ನೂ ಕಾಪಾಡುತ್ತಿರಲಿಲ್ಲ.

“ಪೊಲೀಸರಿಗೆ ಯಾಕೆ ಹೇಳಲಿಲ್ಲ?”

ಕಿರಿಸೊಸೆ ಕೈ ಚಾಚಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು, ಇನ್ನು ಉಳಿದಿರುವ ಮುಖ್ಯ ಕೆಲಸ ಅದೊಂದೇ ಅನ್ನುವ ಹಾಗೆ.

“ಎಲ್ಲರ ಜೊತೆ ಓಡ್ತಾ ಮೆಟ್ಟಿಲ ಮೇಲೆ ತಿರುಗಿ ನೋಡಿದೆ,” ಎಂದಳು ಕೊನೆಗೆ. “ನನ್ನ ಗಂಡ ನನ್ನ ಹಿಂದೆ ಇರಲಿಲ್ಲ. ಮಹಡೀಲೂ ಇರಲಿಲ್ಲ. ಆಮೇಲೆ ಎಲ್ಲಿಂದಲೋ ಬಂದು ನನ್ನ ಪಕ್ಕ ನಿಂತ್ಕೊಂಡ್ರು. ಏದುಸಿರು ಬಿಡ್ತಾ ಇದ್ರು. ಹದಿನಾರು ವರ್ಷ ಸಂಸಾರ ಮಾಡಿದೀನಿ ಅಕ್ಕ. ಎಲ್ಲಿದ್ರಿ ಅಂತ ಒಂದು ಮಾತು ಕೇಳೋಕೆ ನನಗೆ ಬಾಯಿ ಬರ್ತಾ ಇಲ್ಲ.”

ಅಕ್ಕನಿಗೆ ಕನಿಕರವಾಯಿತು. ಜೊತೆಗೇ ಇನ್ನೊಂದು ಸಂಗತಿ ಹೊಳೆಯಿತು. ಮಹಡಿಗೆ ಹೋಗದವರು ಕಿರಿಮಗನೊಬ್ಬನೇ ಅಲ್ಲ. ಅವಳು ಅಜ್ಜಿಯ ಮುಂದೆ ಮೊಣಕಾಲೂರಿ ಕೂತಿದ್ದಾಗ ದೊಡ್ಡವರು ಹಿಂದಿನಿಂದ ಅವಳ ಹೆಗಲು ತಟ್ಟಿ, ಅಮ್ಮನನ್ನು ನೋಡಿಕೊಳ್ಳಿ, ನೀರು ತರುತ್ತೇನೆ ಎಂದು ಈ ಪ್ಯಾಸೇಜಿಗೇ ಬಂದಿದ್ದರು. ತಂದುಕೊಡಲು ಅವರಿಗೆ ಹಿಡಿದ ಹೊತ್ತು ಒಂದು ಲೋಟ ನೀರಿಗೆ ಹೆಚ್ಚೇ ಆಗಿತ್ತು.

ಆ ನೀರನ್ನು ಅಜ್ಜಿಯ ಬಾಯಿಗೆ ಹಿಡಿದದ್ದು ಅವಳೇ. ಅಜ್ಜಿ ಆಮೇಲೆ ಮಲಗಿದವರು ಇನ್ನೂ ಎದ್ದಿಲ್ಲ.

ಅಕ್ಕ ಇದನ್ನು ಹೇಳಿದೊಡನೆ ಕಿರಿಸೊಸೆ ಬಿಳಿಚಿಕೊಂಡಳು. ಅತ್ತೆಯ ಈ ಮಂಪರು ವಯಸ್ಸಿನದಲ್ಲ, ಯಾರೋ ಔಷಧಿಯಲ್ಲಿ ಕೈಯಾಡಿಸುತ್ತಿದ್ದಾರೆ ಎಂದು ನರ್ಸ್ ಮೊನ್ನೆ ಅವಳ ಕಿವಿಯಲ್ಲಿ ಹಾಕಿದ್ದಳಂತೆ. ಯಾರು ಅಂದರೆ ಹೇಳಿರಲಿಲ್ಲ. ಫೋಟೋದ ವಿಚಾರವೂ ಕಿರಿಸೊಸೆಯ ತಲೆಯದಲ್ಲ. ಅತ್ತೆಯೇ ಎಚ್ಚರವಾಗಿದ್ದ ಗಳಿಗೆಯಲ್ಲಿ ಅವಳ ಕೈ ಹಿಡಿದು, ಯಾರಿಗೂ ಹೇಳಬೇಡ, ಸ್ಟುಡಿಯೋಗೆ ಫೋನ್ ಮಾಡು, ಎಲ್ಲರೂ ಒಂದೇ ಕೋಣೆಯಲ್ಲಿ ಇರಬೇಕು ಎಂದಿದ್ದರು.

ಇನ್ನು ಅಲ್ಲಿ ನಿಲ್ಲುವ ಹಾಗಿರಲಿಲ್ಲ. ನೀವು ಹಿತ್ತಲಿಂದ ಗೇಟಿಗೆ ಹೋಗಿ ಕಾನ್‌ಸ್ಟೇಬಲ್‌ನನ್ನು ಕರೆತನ್ನಿ, ನಾನು ಅಜ್ಜಿಯ ಹತ್ತಿರ ಹೋಗುತ್ತೇನೆ ಎಂದು ಅಕ್ಕ ಹೇಳಿದಳು. ಹೇಳಿದ ಮೇಲೆ, ಇಬ್ಬರಲ್ಲಿ ಮನೆಯೊಳಗೆ ಉಳಿಯುವವಳು ತಾನು ಎಂದು ಅರಿವಾಗಿ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಕಿರಿಸೊಸೆ ಬಾಗಿಲು ತೆರೆದು ಹೋಗಿಬಿಟ್ಟಿದ್ದಳು.

ಅಜ್ಜಿಯ ಕೋಣೆ ನಡುಮನೆಯ ಇನ್ನೊಂದು ತುದಿಗಿತ್ತು. ಲೈಟ್ ಸ್ಟ್ಯಾಂಡು ಮಡಚುವ ನೆಪದಲ್ಲಿ ಅಕ್ಕ ಅಲ್ಲಿ ನಿಂತಳು, ಇಲ್ಲಿ ಬಗ್ಗಿದಳು, ವೈರು ಸುತ್ತುತ್ತ ಸುತ್ತುತ್ತ ಹೋಗಿ ಬಾಗಿಲೊಳಗೆ ನುಸುಳಿದಳು. ಯಾರೂ ಅವಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ದೊಡ್ಡವರು ಸೋಫಾದ ಮೇಲಿದ್ದರು. ಕಿರಿಮಗ ಮಾತ್ರ ಎಲ್ಲೂ ಕಾಣಲಿಲ್ಲ.

ಕೋಣೆಯೊಳಗೆ ಪರದೆ ಎಳೆದು ಮಬ್ಬಾಗಿತ್ತು. ಅಜ್ಜಿ ಮಗ್ಗುಲಾಗಿ ಮಲಗಿದ್ದರು. ಅಕ್ಕ ಅವರ ಮೂಗಿನ ಹತ್ತಿರ ಬೆರಳು ಹಿಡಿದಳು. ಉಸಿರಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಇನ್ನೂ ಬಗ್ಗಿದಳು.

ಅಜ್ಜಿಯ ಕೈ ಎದ್ದು ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು.

“ಬಾಗಿಲು ಮುಂದಕ್ಕೆ ಹಾಕು ತಾಯಿ,” ಎಂದರು ಅಜ್ಜಿ. ಕಣ್ಣು ನಿಚ್ಚಳವಾಗಿದ್ದವು. “ಸತ್ತಿಲ್ಲ ನಾನು. ನಿದ್ದೇನೂ ಮಾಡ್ತಿಲ್ಲ.”

“ಆ ನೀರು...”

“ಕುಡೀಲಿಲ್ಲ. ಬಾಯಲ್ಲಿಟ್ಕೊಂಡಿದ್ದು ನೀನು ಅತ್ತ ತಿರುಗಿದಾಗ ಕರವಸ್ತ್ರಕ್ಕೆ ಉಗುಳಿದೆ. ಎರಡು ದಿನದಿಂದ ಕೊಟ್ಟದ್ದನ್ನೆಲ್ಲ ಹೀಗೇ ಮಾಡ್ತಾ ಇದೀನಿ.” ದಿಂಬಿನ ಕೆಳಗಿನ ಒದ್ದೆ ಕರವಸ್ತ್ರ ತೋರಿಸಿದರು. “ಆ ಹುಡುಗಿ ಹೇಳಿಕೊಟ್ಟಿದ್ಲು.”

ಆ ಹುಡುಗಿ ಅಂದರೆ ನರ್ಸ್. ಅಕ್ಕ ಮಂಚದ ಅಂಚಿಗೆ ಕೂತಳು. ಅಜ್ಜಿ ಹೇಳಿದ್ದು ತುಂಡುತುಂಡಾಗಿ, ಕಿವಿಗೆ ಬಾಯಿ ಹಚ್ಚಿ. ಔಷಧಿಯಲ್ಲಿ ಬೆರೆಸುವ ಇನ್ನೊಂದು ಸೀಸೆ ಈ ಮನೆಯಲ್ಲೇ ಎಲ್ಲೋ ಇದೆ. ಪ್ಯಾಸೇಜಿನ ಆಚೆಗಿರುವ ಇಬ್ಬರು ಗಂಡುಮಕ್ಕಳ ಕೋಣೆಗಳಲ್ಲಿ ಒಂದರಲ್ಲಿ ಇರಬೇಕು. ಯಾವುದರಲ್ಲಿ ಅನ್ನುವುದು ಅವರಿಗೂ ತಿಳಿಯದು, ನರ್ಸಿಗೂ ತಿಳಿಯದು. ಹಗಲೆಲ್ಲ ಜನ ತುಂಬಿದ ಮನೆಯಲ್ಲಿ ಅಲ್ಲಿ ಹುಡುಕುವುದು ಹೇಗೆ? ಎಲ್ಲರನ್ನೂ ಒಂದೇ ಕಡೆ ನಿಲ್ಲಿಸಬೇಕು, ಆಮೇಲೆ ಎಲ್ಲರೂ ಒಟ್ಟಿಗೆ ಮಹಡಿಗೆ ಓಡುವಂತೆ ಮಾಡಬೇಕು.

“ಅದಕ್ಕೆ ಫೋಟೋ. ಅದಕ್ಕೇ ಶಾಲಿನ ನೆಪ. ಮೇಲೆ ಹೋದವಳು ಹಿತ್ತಲ ಮೆಟ್ಟಿಲಿಂದ ಇಳಿದು ಪ್ಯಾಸೇಜಿಗೆ ಬಂದಿದ್ಲು,” ಎಂದರು. “ಮೇಲೆ ಸದ್ದು ಮಾಡಿಸಿದ್ದು ನಾನೇ. ನನ್ನ ಕೈಯಾರೆ ಆ ಮಗೂನ ಸಾಯಿಸಿದೆ.”

ಅಳುವುದಕ್ಕೂ ಸದ್ದು ಮಾಡಬಾರದೆಂದು ಅಜ್ಜಿ ದಿಂಬು ಕಚ್ಚಿದರು. ಅಕ್ಕ ಅವರ ಬೆನ್ನು ಸವರಿದಳು.

ಆಮೇಲೆ ತಟ್ಟನೆ ಅವಳ ಕೈ ನಿಂತಿತು.

“ಅಜ್ಜಿ, ನೀವು ಕೆಳಗಿದ್ರಿ. ನರ್ಸ್ ಪ್ಯಾಸೇಜಲ್ಲಿದ್ರು. ಮತ್ತೆ ಮೇಲೆ ಸದ್ದು ಮಾಡಿದ್ದು ಯಾರು?”

ಅಜ್ಜಿ ಬಾಗಿಲ ಕಡೆ ನೋಡಿದರು. ಹಿಡಿತ ಇನ್ನೂ ಬಿಗಿಯಾಯಿತು.

“ನನ್ನ ಮಗಳು. ದೊಡ್ಡವಳು. ನನ್ನ ಗಂಡುಮಕ್ಕಳಿಬ್ಬರೂ ಸೇರಿ ಮನೆ ಬಿಡಿಸಿ ಕಳಿಸಿದ್ರಲ್ಲ, ಅವಳು. ನಿನ್ನೆ ಎಲ್ಲ ಊಟಕ್ಕೆ ಕೂತಿದ್ದಾಗ ನರ್ಸು ಹಿತ್ತಲ ಮೆಟ್ಟಿಲಿಂದ ಕರ್ಕೊಂಡು ಬಂದು ಟ್ರಂಕಿನ ಕೋಣೇಲಿ ಕೂರಿಸಿದಾಳೆ. ನರ್ಸು ಮೇಲಿಂದ ಇಳಿದ ಮೇಲೆ ನೀನು ಕೂಗಿದ ಕೂಡಲೇ ಟ್ರಂಕು ಉರುಳಿಸು ಅಂತ ಅವಳಿಗೆ ಹೇಳಿಸಿದ್ದೆ. ಎಲ್ಲರೂ ಹೆಣ ನೋಡಿ ಕೆಳಗೆ ಓಡಿದ್ರು, ಪೊಲೀಸರೂ ಆ ಕೋಣೆ ನೋಡಲಿಲ್ಲ. ಇನ್ನೂ ಅಲ್ಲೇ ಇದಾಳೆ ತಾಯಿ. ಏನಾಯ್ತು ಅಂತಲೂ ಅವಳಿಗೆ ಗೊತ್ತಿಲ್ಲ.”

ಹೊರಗೆ ಸೋಫಾ ಕಿರುಗುಟ್ಟಿತು. ದೊಡ್ಡವರ ದನಿ ಯಾರಿಗೋ ಹೇಳುತ್ತಿತ್ತು, ಮಹಡಿಯ ಕಿಟಕಿಗಳೆಲ್ಲ ತೆರೆದೇ ಇವೆ, ಹೋಗಿ ಒಂದು ಸಲ ನೋಡಿಕೊಂಡು ಬೀಗ ಹಾಕಿ ಬರುತ್ತೇನೆ ಎಂದು. ಆಮೇಲೆ ಮರದ ಮೆಟ್ಟಿಲ ಮೇಲೆ ಭಾರದ ಹೆಜ್ಜೆ.

ಕಾನ್‌ಸ್ಟೇಬಲ್ ಬರುವ ಸುಳಿವಿರಲಿಲ್ಲ. ಮೊಬೈಲಿನಲ್ಲಿ ಇನ್‌ಸ್ಪೆಕ್ಟರ ಉತ್ತರವೂ ಇರಲಿಲ್ಲ. ಸ್ಟುಡಿಯೋ ಅಕ್ಕನಿಗೆ ಅಲ್ಲೇ ಮಂಚದ ಕೆಳಗೆ ತೂರಿಕೊಂಡುಬಿಡಬೇಕು ಅನ್ನಿಸಿತು. ಸುಳ್ಳಲ್ಲ, ಒಮ್ಮೆ ಬಗ್ಗಿಯೂ ನೋಡಿದಳು. ಅಜ್ಜಿ ಅವಳ ಮಣಿಕಟ್ಟನ್ನು ಬಿಟ್ಟರು. ಬೇಡಲಿಲ್ಲ, ಕೈ ಮುಗಿಯಲಿಲ್ಲ, ಬರೀ ಬಿಟ್ಟರು.

ಅಕ್ಕ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ನಡುಮನೆಗೆ ಬಂದಳು.

ದೊಡ್ಡವರು ಮೆಟ್ಟಿಲ ಅರ್ಧ ದಾರಿಯಲ್ಲಿದ್ದರು.

“ಸರ್,” ಎಂದಳು. ದನಿ ಒಡೆಯಿತು. ಮತ್ತೆ ಕರೆದಳು, ಈ ಸಲ ಕಸುಬಿನ ಗಂಟಲಲ್ಲಿ. “ಸರ್, ಇನ್ನೊಂದು ಫೋಟೋ ಬೇಕಂತೆ. ಇನ್‌ಸ್ಪೆಕ್ಟರ್ ಹೇಳಿದಾರೆ. ಬೆಳಿಗ್ಗೆ ಯಾರ್ಯಾರು ಎಲ್ಲೆಲ್ಲಿ ನಿಂತಿದ್ರೋ ಅಲ್ಲೇ ನಿಲ್ಲಬೇಕಂತೆ. ನೀವು ಕೆಳಗೆ ಬರಬೇಕು.”

ನಡುಮನೆಯಲ್ಲಿದ್ದವರು ಗೊಣಗುತ್ತ ಎದ್ದರು. ಯಾರೋ ಕುರ್ಚಿ ಎಳೆದರು. ದೊಡ್ಡವರು ಮೆಟ್ಟಿಲ ಕಂಬಿಯ ಮೇಲೆ ಕೈಯಿಟ್ಟು ಅವಳನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿತ್ತೋ ಅನುಮಾನವಿತ್ತೋ, ಅಮ್ಮನಿಗಾಗಿ ಸೋತ ಮಗನ ದಣಿವಿತ್ತೋ, ಸಾವಿರಾರು ಮುಖ ನೋಡಿದವಳಿಗೂ ತಿಳಿಯಲಿಲ್ಲ. ಆಮೇಲೆ ಅವರು ಸರಿ ಎಂದು ಒಂದು ಮೆಟ್ಟಿಲು ಕೆಳಗಿಳಿದರು.

ಅಕ್ಕ ಉಸಿರು ಬಿಟ್ಟಳು.

ಆಗ ಮೇಲಿನಿಂದ, ಮಹಡಿಯ ಒಳಗಿನಿಂದ, ಕಿರಿಮಗನ ದನಿ ಕೇಳಿಸಿತು. ಅವನು ಯಾವಾಗ ಹತ್ತಿದನೋ ಯಾರೂ ನೋಡಿರಲಿಲ್ಲ.

“ಅಣ್ಣಾ, ಸ್ವಲ್ಪ ಬಾ ಇಲ್ಲಿ. ಟ್ರಂಕಿನ ಕೋಣೆಗೆ ಯಾರೋ ಒಳಗಿಂದ ಚಿಲಕ ಹಾಕಿದಾರೆ.”